ವರದಿಯ ಮೊದಲ ಸಾಲು

ಮೊನ್ನೆ ತಿರುವನಂತಪುರದ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ಕೊಡಲು ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕೈಯಿಂದ ನೋವಿನೆಣ್ಣೆಯ ವಾಸನೆ ಬಂತು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ... ಎರ್ನಾಕುಲಂ ಶಾಖೆಯ ಅಕ್ಕ ಕಣ್ಣೆದುರು ಬಂದು ನಿಂತರು.

ಕಾಸರಗೋಡಿನ ಕಡೆಯವರು, ನಮ್ಮ ಬ್ಯಾಂಕಿನ ಅಟೆಂಡರ್. ಉಳಿದವರಿಗೆಲ್ಲ ಚೇಚಿ, ಮೈಸೂರಿನವನಾದ ನನಗೆ ಅಕ್ಕ. ಹಿಂದಿನ ದಿನದ ವೋಚರುಗಳನ್ನು ಬೆಳಿಗ್ಗೆ ಬಂದೊಡನೆ ಜೋಡಿಸಿ, ದಬ್ಬಣದಿಂದ ತೂತು ಹೊಡೆದು ದಾರದಲ್ಲಿ ಹೊಲಿಯುವುದು ಅವರ ಕೆಲಸ. ಅಷ್ಟು ಅಚ್ಚುಕಟ್ಟಾದ ಕಟ್ಟನ್ನು ಮತ್ತೆಲ್ಲೂ ಕಾಣಲಿಲ್ಲ.

ಒಂದು ದಿನ ಮ್ಯಾನೇಜರನಾದ ನನ್ನ ಮೇಜಿನ ಮೇಲೆ ಅರ್ಜಿಯಿಟ್ಟು ಕೈ ಚಾಚಿದರು. ಗೆಣ್ಣುಗಳು ಊದಿದ್ದವು.

“ಬೆಳಿಗ್ಗೆ ಬೆರಳು ಮಡಚ್ಲಿಕ್ಕೇ ಆಗುದಿಲ್ಲ ಸರ್. ಒಂದು ಗಂಟೆ ಕಳೆದ ಮೇಲೆ ಸ್ವಲ್ಪ ಸಡಿಲ ಆಗ್ತದೆ. ಹೊಲಿಗೆ ಬೇರೆಯವರಿಗೆ ಕೊಡ್ತೀರಾ?”

ಸಂಧಿವಾತವಾದರೆ ರಕ್ತದಲ್ಲಿ ಗೊತ್ತಾಗುತ್ತದೆ, ವರದಿ ತನ್ನಿ ಎಂದೆ. ತಂದರು. ಮೊದಲ ಸಾಲು: ರುಮಟಾಯ್ಡ್ ಫ್ಯಾಕ್ಟರ್, ನೆಗೆಟಿವ್. ನಾನು ಬ್ಯಾಂಕಿನವನು, ಕಾಗದದಲ್ಲಿ ಇಲ್ಲದ್ದು ಎಲ್ಲಿಯೂ ಇಲ್ಲ. ‘ವರದಿ ಸರಿಯಿದೆ’ ಎಂದು ಬರೆದು ಅರ್ಜಿ ತಳ್ಳಿಹಾಕಿದೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿರಬಾರದಿತ್ತೆ? ಎಲ್ಲರೆದುರು, “ಅಕ್ಕಾ, ನಿಮ್ಮ ನೋವು ನಿಮ್ಮ ರಕ್ತಕ್ಕೇ ಗೊತ್ತಿಲ್ವಂತೆ!” ಎಂದೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕರು...

ಅದೇ ಹಾಳೆಯ ಕೆಳಗೆ, ಮೈಯೊಳಗಿನ ಉರಿಯೂತ ತೋರಿಸುವ ಇ.ಎಸ್.ಆರ್. ವಿಪರೀತ ಹೆಚ್ಚೆಂದು ದಪ್ಪಕ್ಷರದಲ್ಲಿತ್ತು. ನನ್ನ ಕಣ್ಣು ಅದರ ಮೇಲೂ ಹಾಯ್ದಿತ್ತು. ಅದೇನೆಂದು ಯಾರನ್ನೂ ಕೇಳಲಿಲ್ಲ.

ಅಕ್ಕ ಇನ್ನೂ ಎರಡು ವರ್ಷ ಹೊಲಿದರು. ಹೊಲಿಗೆ ಸೊಟ್ಟಗಾಯಿತು, ಆಮೇಲೆ ಬೆರಳುಗಳೂ. ಒಮ್ಮೆ ನಾನು ಕಟ್ಟನ್ನು ಹಿಂದಿರುಗಿಸಿ ಬಿಚ್ಚಿ ಹೊಲಿಯಿರಿ ಅಂದದ್ದೂ ಉಂಟು. ಅವಧಿಗೆ ಮೊದಲೇ ನಿವೃತ್ತಿ ಪಡೆದು ಊರಿಗೆ ಹೋದರು. ಹೋದ ವರ್ಷ ತೀರಿಕೊಂಡರಂತೆ. ಕ್ಷಮೆ ಕೇಳಲು ನನಗೆ ಅಷ್ಟೊಂದು ವರ್ಷಗಳಿದ್ದವು.

ನನ್ನ ವರದಿಯ ಮೊದಲ ಸಾಲೂ ನೆಗೆಟಿವ್. ಕೆಳಗೆ, ಸಂಧಿವಾತದ ಇನ್ನೊಂದು ಗುರುತಾದ ಆ್ಯಂಟಿ-ಸಿ.ಸಿ.ಪಿ. ಪಾಸಿಟಿವ್. ಒಂದು ಗುರುತು ರಕ್ತದಲ್ಲಿ ಸಿಗದಿದ್ದರೂ ರೋಗ ಇರಬಹುದು, ಕೆಲವರಲ್ಲಿ ಎರಡೂ ಸಿಗುವುದಿಲ್ಲ ಎಂದರು ಡಾಕ್ಟರಮ್ಮ. ಆದರೆ ಅದೆಲ್ಲ ಆಮೇಲೆ. ವರದಿಯ ಲಕೋಟೆ ತೆರೆಯುವ ಮೊದಲೇ ಅವರು ನನ್ನ ಬೆರಳು ಹಿಡಿದು, ಬೆಳಿಗ್ಗೆ ಮಡಚಲು ಎಷ್ಟು ಹೊತ್ತು ಬೇಕೆಂದು ಕೇಳಿದ್ದರು.

“ಒಂದು ಗಂಟೆ” ಎಂದೆ.

ಅವರು ನಂಬಿಬಿಟ್ಟರು. ನನಗೆ ತಲೆ ಎತ್ತಲಾಗಲಿಲ್ಲ.