ದಾಸೋಹದ ಕೊಳಗ

ಯಾವ ಭಾಗಕ್ಕೆ ಯಾವ ಅಲ್ಯೂಮಿನಿಯಂ ಎಂದು ಆರಿಸುವುದು ಅರಸೀಕೆರೆಯ ಫೌಂಡ್ರಿಯಲ್ಲಿ ನನ್ನ ಕೆಲಸ. ಒಮ್ಮೆ ಬಾಣಾವರದ ರೈತರೊಬ್ಬರು ಉಳುವ ಟಿಲ್ಲರಿನ ಒಡೆದ ಗೇರ್‌ಬಾಕ್ಸಿನ ಜೊತೆಗೆ ಮಠದ ದಾಸೋಹದ ಹಳೇ ಅಲ್ಯೂಮಿನಿಯಂ ಕೊಳಗವನ್ನೂ ತಂದರು.

"ಇದನ್ನೇ ಕರಗ್ಸಿ ಎರಕ ಹುಯ್ರಿ ಸ್ವಾಮಿ. ಸಾವಿರಾರು ಜನಕ್ಕೆ ಅನ್ನ ಇಕ್ಕಿರೋದು, ಒಡೆದೋಯ್ತದಾ?"

ಪಾತ್ರೆಯ ಅಲ್ಯೂಮಿನಿಯಂ ಮೆತ್ತಗೆ. ಗೇರಿನ ಭಾರ ತಡೆಯಲು ಸಿಲಿಕಾನ್ ಬೆರೆತದ್ದೇ ಬೇಕು. ಅದು ಗೊತ್ತಿದ್ದರೂ, ಪ್ರಸಾದ ಬೆಂದ ಲೋಹವನ್ನು ಬೇಡ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಅಚ್ಚಿಗೆ ವಿಭೂತಿ ಹಚ್ಚಿ ಎರಕ ಹೊಯ್ಸಿದೆ.

ತಿಂಗಳ ಮೇಲೆ ಅವರು ಕುಂಟುತ್ತಾ ಬಂದರು. ಉಳುವಾಗ ಗೇರ್‌ಬಾಕ್ಸ್ ಸೀಳಿ, ಟಿಲ್ಲರು ಪಾದದ ಮೇಲೆ ಮಗುಚಿತ್ತಂತೆ.

"ನನ್ನ ಭಕ್ತೀಲೇ ಏನೋ ಕಮ್ಮಿ ಐತೆ ಸ್ವಾಮಿ" ಅಂದರು.

ಕಮ್ಮಿಯಿದ್ದದ್ದು ಸಿಲಿಕಾನ್, ಅದು ನನಗೆ ಮೊದಲೇ ಗೊತ್ತಿತ್ತು ಎಂದು ಒಪ್ಪಿಕೊಂಡೆ. ಅವರು ಕುಂಟುತ್ತಲೇ ಹೊರಟುಹೋದರು.

ಶಿವ ನನ್ನನ್ನು ಕ್ಷಮಿಸಿಯಾನು. ಅವನಿಗೇನು, ಟಿಲ್ಲರು ಹಿಡಿಯುವ ಕೆಲಸವಿಲ್ಲ.