ವೆಂಡಲ್ ಬೀರ್ಲಿ ಬಂದೂಕು ಆರಿಸಿದ್ದು

ವೆಂಡಲ್ ಬೀರ್ಲಿ ಮರ ಕಡಿಯುವವನು. ಅವನ ಅಪ್ಪ ಹೈರಮ್ ಕೂಡ ಮರ ಕಡಿದೇ ಬದುಕಿದವನು. ಪೆನ್ಸಿಲ್ವೇನಿಯದ ಆ ಬಡಗಣ ಗುಡ್ಡಗಳಲ್ಲಿ ಬೀರ್ಲಿಗಳ ಗರಗಸದ ಸದ್ದು ಕೇಳದ ಕಣಿವೆ ಇಲ್ಲ ಎಂದು ಊರವರು ಹೇಳುವುದುಂಟು. ವೆಂಡಲ್‌ಗೆ ಮಾತು ಕಡಿಮೆ, ನಗು ಜಾಸ್ತಿ. ನಕ್ಕರೆ ಭುಜ, ಹೊಟ್ಟೆ, ಕೂತ ಕುರ್ಚಿ ಎಲ್ಲ ಸೇರಿ ನಗಬೇಕು. ಪಟ್ಟಣದಲ್ಲಿ ಓದಿ ಬೆಳೆದ ಕೊರಿನ ಈ ಗುಡ್ಡಕ್ಕೆ ಸೊಸೆಯಾಗಿ ಬಂದದ್ದು ಆ ನಗುವಿಗೆ ಮನಸೋತು. ಬಂದ ಮೇಲೆ ಗೊತ್ತಾಯಿತು, ಮರ ಕಡಿಯುವವನ ಹೆಂಡತಿಗೆ ದಿನವೂ ಒಂದು ಭಯ ಬೇಕೇಬೇಕು. ಅವನು ಬುತ್ತಿಯ ಡಬ್ಬಿ ಹಿಡಿದು ಹೊರಟ ಮೇಲೆ ಅವಳು ಪಾತ್ರೆ ತೊಳೆಯುತ್ತಾ ಎಲ್ಲವನ್ನೂ ಕಲ್ಪಿಸಿಕೊಳ್ಳುತ್ತಿದ್ದಳು. ಮರ ಅಡ್ಡ ಬಿದ್ದಂತೆ, ಗರಗಸದ ಸರಪಳಿ ಹರಿದಂತೆ, ಮಂಜುಗಡ್ಡೆಯ ದಾರಿಯಲ್ಲಿ ಗಾಡಿ ಜಾರಿದಂತೆ. ಮಗಳು ಟಿಲ್ಲಿ ಹುಟ್ಟಿದ ಮೇಲಂತೂ ಈ ಕಲ್ಪನೆಗಳಿಗೆ ಕೊನೆಯೇ ಇರಲಿಲ್ಲ.

ಆದದ್ದು ಮಾತ್ರ ಅವಳು ಕಲ್ಪಿಸಿಕೊಳ್ಳದ ಸಂಗತಿ. ಕೊರೆಯುವ ಚಳಿಯ ಒಂದು ಬೆಳಿಗ್ಗೆ ವೆಂಡಲ್ ಓಕ್ ಮರದ ಸೀಳಿಗೆ ಕಬ್ಬಿಣದ ಬೆಣೆ ಹೊಡೆಯುತ್ತಿದ್ದ. ಉಸಿರಿಗೆ ಕನ್ನಡಕ ಮಂಜಾಗುತ್ತದೆಂದು ಅದನ್ನು ಹಣೆಗೇರಿಸಿಕೊಂಡಿದ್ದ. ಬೆಣೆಯ ತಲೆಯಿಂದ ಸಾಸಿವೆ ಕಾಳಿನಷ್ಟು ಕಬ್ಬಿಣದ ಚೂರು ಸಿಡಿದು ಬಲಗಣ್ಣಿಗೆ ಹೊಕ್ಕಿತು.

ದೊಡ್ಡಾಸ್ಪತ್ರೆಯ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: ಕಣ್ಣು ನೋಡಲಿಕ್ಕೆ ಕಣ್ಣಿನ ಹಾಗೆಯೇ ಇರುತ್ತದೆ, ದೃಷ್ಟಿ ಮಾತ್ರ ಮರಳುವುದಿಲ್ಲ. ವೆಂಡಲ್ ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೊರಬಂದ. ಆಮೇಲೆ ಆ ಮಾತು ಮನೆಯಲ್ಲಿ ಬರಲೇ ಇಲ್ಲ. ಬೆಳಿಗ್ಗೆ ಎದ್ದವನು ಕಿಟಕಿಯ ಮುಂದೆ ನಿಂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಹೊರಗೆ ನೋಡುವುದನ್ನು ಕೊರಿನ ಹಿಂದಿನಿಂದ ಕಾಣುತ್ತಿದ್ದಳು. ಏನಾದರೂ ಕಾಣಿಸಿತೇ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಅವನು ಕೈ ಇಳಿಸಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. ಆ ನಗು ಕಾಣದೆ ತಿಂಗಳುಗಳಾದವು.

ಸೇಬಿನ ಮರಗಳು ಹೂ ಬಿಟ್ಟ ಕಾಲಕ್ಕೆ ಹೈರಮ್ ಒಂದು ಭಾನುವಾರ ಊಟಕ್ಕೆ ಬಂದವನು ಮನೆಯಲ್ಲೇ ಜೋಡಿಸಿಕೊಳ್ಳುವ ಬಂದೂಕಿನ ಬಿಡಿಭಾಗಗಳ, ಅಂದರೆ ಕಿಟ್ಟುಗಳ ಪುಸ್ತಕವೊಂದನ್ನು ಮೇಜಿನ ಮೇಲೆ ಹಾಕಿದ.

"ಈ ವರ್ಷ ನಿನ್ನ ಬಂದೂಕು ಮಾಡ್ಕೋಬೇಕು ಮಗಾ. ಎಷ್ಟು ವರ್ಷ ಅಂತ ಬೇಟೆ ಶಿಬಿರದಲ್ಲಿ ಅಡುಗೆ ಮಾಡ್ಕೊಂಡು ಕೂರ್ತೀಯ? ನಿನ್ನ ಬೀನ್ಸ್ ತಿಂದೂ ತಿಂದೂ ನಮ್ಮ ಹೊಟ್ಟೆ ಹಾಳಾಗಿದೆ."

ಕ್ರಿಸ್‌ಮಸ್ ಕಳೆದ ಮೇಲೆ ಆ ಗುಡ್ಡಗಳಲ್ಲಿ ಚಕಮಕಿ ಬಂದೂಕಿನ ಬೇಟೆಯ ಕಾಲ ಬರುತ್ತದೆ. ನಳಿಗೆಯ ಬಾಯಿಂದ ಮದ್ದು ತುಂಬಿ, ಕಲ್ಲಿನ ಕಿಡಿಯಿಂದ ಹೊತ್ತಿಸುವ ಹಳೇ ಕಾಲದ ಬಂದೂಕು ಹಿಡಿದವರಿಗೆ ಮಾತ್ರ ಆಗ ಜಿಂಕೆ. ಬೀರ್ಲಿಗಳ ಶಿಬಿರದಲ್ಲಿ ಅದಕ್ಕೊಂದು ಕಟ್ಟಳೆ ಸೇರಿಕೊಂಡಿತ್ತು. ತಾನೇ ಜೋಡಿಸಿ, ಉಜ್ಜಿ, ಎಣ್ಣೆ ಹಚ್ಚಿದ ಬಂದೂಕಲ್ಲದೆ ಬೇರೆಯದನ್ನು ಯಾರೂ ಹೊರುವಂತಿಲ್ಲ. ಕೊಂಡದ್ದು ಬೇಡ, ಅಪ್ಪನದು ಕೂಡ ಬೇಡ. ವೆಂಡಲ್ ಮನೆ ಕಟ್ಟುವುದು, ಮಗು, ಹೀಗೆ ಒಂದಲ್ಲ ಒಂದು ನೆಪದಲ್ಲಿ ಅದನ್ನು ಮುಂದೂಡಿಕೊಂಡೇ ಬಂದಿದ್ದ.

"ಮದ್ದು ಈ ಮನೆಯೊಳಗೆ ಬರಬಾರದು," ಎಂದಳು ಕೊರಿನ. "ಟಿಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ತಾಳೆ. ಸ್ಕ್ರೂಗಳನ್ನೂ ಮೇಲಿಡಬೇಕು. ಆ ಕಲ್ಲನ್ನೂ."

"ಮದ್ದು ಶಿಬಿರದಲ್ಲಿರುತ್ತೆ ಹುಡುಗಿ. ಕಲ್ಲನ್ನ ನಾನು ಜೇಬಲ್ಲಿ ಇಟ್ಕೋತೀನಿ, ಸಾಕಾ?" ಹೈರಮ್ ಕೋಳಿಸಾರಿನ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿದ.

ಪುಸ್ತಕ ಕೈಯಿಂದ ಕೈಗೆ ಹೋಯಿತು. ಮೊದಲ ಸಲ ಮಾಡುವವನು ಬಂದೂಕಿನ ಉದ್ದ ಮರದ ಹಿಡಿಯ ಸೊಗಸಿಗೆ ಮರುಳಾಗಬಾರದು, ನಳಿಗೆ ಕೂರುವ ತೋಡನ್ನು ಮರದಲ್ಲಿ ಮೊದಲೇ ಕೊರೆದಿರುವುದನ್ನೇ ಕೊಳ್ಳಬೇಕು ಎಂದು ಹೈರಮ್ ಹೇಳುತ್ತಿದ್ದ. ಕೊರಿನಳ ಕಣ್ಣು ಮಾತ್ರ ಪುಟದ ಕೆಳಗಿನ ಒಂದು ಚಿತ್ರದ ಮೇಲೇ ನಿಂತಿತ್ತು. ಚಕಮಕಿ ಕೂತಿರುವುದು ಬಂದೂಕಿನ ಬಲಮಗ್ಗುಲಲ್ಲಿ. ಬಲಭುಜಕ್ಕಿಟ್ಟು ಹೊಡೆದರೆ ಕೆನ್ನೆ ಎಡಮಗ್ಗುಲಲ್ಲಿ ಇರುತ್ತದೆ, ಬೆಂಕಿ ಆಚೆ ಸಿಡಿದು ಹೋಗುತ್ತದೆ. ಎಡಗಣ್ಣಿನಿಂದ ಗುರಿ ಹಿಡಿಯಲು ಅದನ್ನೇ ಎಡಭುಜಕ್ಕಿಟ್ಟರೆ ಬೆಂಕಿ ಮುಖದ ಎದುರಿಗೇ. ಉಳಿದಿರುವುದು ಒಂದೇ ಕಣ್ಣು.

"ಇಲ್ಲಿ ಎಡಗೈಯೋರಿಗೆ ಮಾಡಿದ್ದೂ ಇದೆ," ಎಂದಳು ಮೆಲ್ಲಗೆ. "ಚಕಮಕಿ ಆ ಕಡೆಗಿರೋದು."

ಹೈರಮ್ ಚಮಚ ಕೆಳಗಿಟ್ಟ. "ಬೀರ್ಲಿಗಳಲ್ಲಿ ಎಡಚರು ಯಾರಿದಾರೆ?"

"ಡಾಕ್ಟರು ಹೇಳಿದ್ರಲ್ಲ, ಪ್ಯಾಪ್," ಎಂದಳು ಕೊರಿನ. ಗಂಡನ ಹಾಗೆ ಅವಳೂ ಮಾವನನ್ನು ಪ್ಯಾಪ್ ಎಂದೇ ಕರೆಯುವುದು.

"ಡಾಕ್ಟರು ಹೇಳ್ತಾರೆ. ನನ್ನ ಬೆನ್ನು ನೆಟ್ಟಗಾಗಲ್ಲ ಅಂದಿದ್ದೂ ಡಾಕ್ಟರೇ. ಬೇಟೆ ಹೊತ್ತಿಗೆ ಕಣ್ಣು ಬಂದಿರುತ್ತೆ. ಎಡದ್ದು ತಗೊಂಡು ಆಮೇಲೆ ಅದನ್ನೇನು ಒಲೆಗೆ ಹಾಕೋದಾ?"

ವೆಂಡಲ್ ಪುಸ್ತಕ ಮಡಚಿದ. ಕೊರಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಬಲದ್ದನ್ನು ತಂದರೆ ಇವನು ಅದನ್ನು ತಿಂಗಳುಗಟ್ಟಲೆ ಉಜ್ಜುತ್ತಾನೆ, ಬಾರದ ಕಣ್ಣಿಗೆ ಕಾಯುತ್ತಾನೆ. ಕೊನೆಗೆ ಶಿಬಿರದವರ ಮುಂದೆ ಸೋಲಲಾರದೆ ಅದನ್ನೇ ಎಡಭುಜಕ್ಕೇರಿಸಿ ಕುದುರೆ ಎಳೆಯುತ್ತಾನೆ. ಅಷ್ಟೂ ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು.

ಆ ವಾರವೇ ಎಲ್ಲರೂ ಕ್ಲೆಟಸ್‌ನ ಬಂದೂಕಿನ ಅಂಗಡಿಗೆ ಹೋದರು. ಕ್ಲೆಟಸ್ ಮುದುಕ. ಅರ್ಧ ಕಣಿವೆಯ ಗಂಡಸರು ತಮ್ಮ ಮೊದಲ ಕಿಟ್ಟು ಕೊಂಡದ್ದು ಅವನ ಹತ್ತಿರವೇ.

"ಹೆಂಡತಿ ಆರಿಸೋಕಿಂತ ಕಷ್ಟದ ಕೆಲಸ ಕಣಯ್ಯಾ," ಎಂದ ವೆಂಡಲ್‌ಗೆ. "ಅವಳಾದ್ರೆ ನಿನಗೆ ಹೊಂದ್ಕೋತಾಳೆ. ಬಂದೂಕಿನ ಮರ ಹೊಂದ್ಕೊಳಲ್ಲ."

"ಅವಳು ಹೊಂದ್ಕೊಂಡಿದಾಳೆ ಅಂತ ಯಾರು ಹೇಳಿದ್ದು?" ಎಂದಳು ಕೊರಿನ. ಕ್ಲೆಟಸ್ ಕೆಮ್ಮುವ ಹಾಗೆ ನಕ್ಕ.

ಅವನ ಅಂಗಡಿಯಲ್ಲಿ ಆರಿಸುವ ರೀತಿ ಒಂದೇ. ಪೂರಾ ಜೋಡಿಸಿದ ಬಂದೂಕುಗಳು ಗೋಡೆಯಲ್ಲಿರುತ್ತವೆ. ಕೊಳ್ಳುವವನು ಒಂದನ್ನು ಹಿಡಿದು, ಕಣ್ಣು ಮುಚ್ಚಿ, ಭುಜಕ್ಕೇರಿಸಿ, ಕೆನ್ನೆ ಒತ್ತಿ, ಆಮೇಲೆ ಕಣ್ಣು ತೆರೆಯಬೇಕು. ನಳಿಗೆಯ ತುದಿಯ ಗುರಿಮೊನೆ ತಾನಾಗಿ ಕಣ್ಣಿನ ಮುಂದೆ ನಿಂತಿದ್ದರೆ ಆ ಅಳತೆಯ ಮರ ಅವನದು. ಕತ್ತು ಹೊರಳಿಸಿ ಹುಡುಕಬೇಕಾಗಿ ಬಂದರೆ ಅವನದಲ್ಲ.

ವೆಂಡಲ್ ಕಣ್ಣು ಮುಚ್ಚಿ, ಬಲಭುಜಕ್ಕೇರಿಸಿ, ತೆರೆದ. ಹಾಗೇ ನಿಂತ.

"ಹ್ಞಾಂ?" ಎಂದ ಕ್ಲೆಟಸ್.

"ಇದಲ್ಲ."

"ಮರ ನೆಟ್ಟಗಾಯ್ತು, ಅದಕ್ಕೆ," ಎಂದ ಹೈರಮ್. "ಬಾಗಿರೋದು ಕೊಡು."

ಇನ್ನೊಂದು ಬಂತು. ಅದೂ ಅಲ್ಲ. "ಹಿಂಬದಿ ಗಿಡ್ಡ," ಎಂದ ಹೈರಮ್. ಮತ್ತೊಂದು ಬಂತು. "ಇದ್ರಲ್ಲಿ ಕೆನ್ನೆ ಒತ್ತೋ ಜಾಗ ದಪ್ಪ. ಇಂಥಾದ್ದಕ್ಕೆ ಕೆನ್ನೆ ಇಟ್ರೆ ಹದ್ದಿಗೂ ಕಾಣಲ್ಲ." ಕ್ಲೆಟಸ್ ಎಲ್ಲ ತಿಳಿದವನು, ಆದರೂ ಹೂಂಗುಟ್ಟಿ ಹೂಂಗುಟ್ಟಿ ಒಂದೊಂದನ್ನೇ ಇಳಿಸಿ ಕೊಟ್ಟ. ಮೂವರು ಗಂಡಸರೂ ಸೇರಿ ತಪ್ಪನ್ನೆಲ್ಲ ಮರದ ಮೇಲೆ ಹೊರಿಸುತ್ತಿದ್ದರು. ಕೊರಿನ ಟಿಲ್ಲಿಯ ಕೈ ಹಿಡಿದು ಬಾಗಿಲ ಹತ್ತಿರ ನಿಂತೇ ಇದ್ದಳು. ಬಾಯಿ ಬಿಟ್ಟರೆ ಅತ್ತುಬಿಡುತ್ತೇನೆಂದು ಹಲ್ಲು ಕಚ್ಚಿದ್ದಳು.

ಕೊನೆಗೆ ಹೈರಮ್ ತಾನೇ ಮೂಲೆಯಿಂದ ಒಂದನ್ನು ಎತ್ತಿ ತಂದ. ಬಹಳ ಬಾಗಿದ ಮರ. "ಇದಾಗುತ್ತೆ ನೋಡು. ತಲೆ ಸ್ವಲ್ಪ ಆ ಕಡೆ ಹಾಕು. ಇನ್ನೂ. ಇನ್ನೂ ಸ್ವಲ್ಪ."

ವೆಂಡಲ್ ಬಲಭುಜದ ಮೇಲಿನ ಬಂದೂಕಿಗೆ ಎಡಗಣ್ಣು ತರಲು ತಲೆಯನ್ನು ಪೂರಾ ಅಡ್ಡ ಮಾಡಿದ. ಕತ್ತಿನ ನರ ಉಬ್ಬಿತು. ಅದನ್ನು ಕಂಡ ಟಿಲ್ಲಿಗೆ ಅಪ್ಪ ಆಟವಾಡುತ್ತಿದ್ದಾನೆ ಅನಿಸಿತು. ಕಿಲಕಿಲ ನಕ್ಕು, ತಾನೂ ಕತ್ತನ್ನು ಭುಜಕ್ಕೆ ತಾಗುವಷ್ಟು ಹೊರಳಿಸಿ, ಒಂದು ಕಣ್ಣು ಮುಚ್ಚಿ, "ಅಪ್ಪ ನೋಡು, ನಾನೂ!" ಎಂದಳು.

ವೆಂಡಲ್ ಮಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬಂದೂಕನ್ನು ಅಪ್ಪನ ಕೈಗೆ ಕೊಟ್ಟ.

"ಕ್ಲೆಟಸ್, ಎಡಗೈಯೋರ್ದು ಇದ್ಯಾ?"

"ತೋರ್ಸೋಕೆ ಒಂದಿದೆ. ಕಿಟ್ಟು ಬೇಕಂದ್ರೆ ಬರೆದು ಕಳಿಸ್ಬೇಕು. ಎಲೆ ಉದುರೋ ಹೊತ್ತಾಗುತ್ತೆ ಬರೋದು."

"ನೋಡಿದ್ಯಾ," ಹೈರಮನ ದನಿ ಒಡೆದಿತ್ತು. "ಅಷ್ಟು ಕಾಯೋದಾದ್ರೆ ಕಣ್ಣಿಗೇ ಕಾಯಬಹುದಲ್ಲ ಮಗಾ. ಅಷ್ಟೊತ್ತಿಗೆ ಬಂದೇ ಬರುತ್ತೆ. ಕೊರಿ, ನೀನಾದ್ರೂ ಹೇಳು."

ಕೊರಿನ ಬಾಯಿ ತೆರೆದಳು. ಇಷ್ಟು ದಿನ ಎಡದ್ದೇ ಬೇಕು ಎಂದು ಹಟ ಹಿಡಿದವಳು ಅವಳೇ. ಡಾಕ್ಟರ ಮಾತನ್ನು ಒಪ್ಪಿಕೊಂಡವಳು ಮನೆಯಲ್ಲಿ ತಾನೊಬ್ಬಳೇ ಎಂದುಕೊಂಡಿದ್ದಳು. ಈಗ ನಾಲಗೆಯ ತುದಿಗೆ ಬಂದದ್ದು, ಹೌದು, ಕಾಯೋಣ, ಇನ್ನು ಸ್ವಲ್ಪ ಕಾಯೋಣ ಎಂಬ ಮಾತು. ಕಿಟಕಿಯ ಮುಂದೆ ಅವನು ನಿಂತಾಗಲೆಲ್ಲ ಹಿಂದೆ ನಿಂತ ತಾನೂ ಅದೇ ಕಣ್ಣಿಗಾಗಿ ಕಾಯುತ್ತಿದ್ದೆ ಎಂಬುದು ಅವಳಿಗೆ ಅಲ್ಲಿ, ಆ ಎಣ್ಣೆಯ ವಾಸನೆಯ ಅಂಗಡಿಯಲ್ಲಿ ಗೊತ್ತಾಯಿತು. ಬಾಗಿ ಟಿಲ್ಲಿಯ ಬೂಟಿನ ದಾರ ಬಿಗಿದಳು.

ಕ್ಲೆಟಸ್ ಒಳಗಿನಿಂದ ಆ ಬಂದೂಕು ತಂದ. ವೆಂಡಲ್ ಅದನ್ನು ಮೊದಲು ಬಲಕ್ಕೇ ಒಯ್ದು, ನಡುವೆ ನಿಲ್ಲಿಸಿ, ಎಡಕ್ಕೆ ಬದಲಿಸಿದ. ಕೈಗಳಿಗೆ ಜಾಗ ತಿಳಿಯದೆ ತಡವರಿಸಿದವು. ಕಣ್ಣು ಮುಚ್ಚಿದ. ಕೆನ್ನೆ ಒತ್ತಿದ. ತೆರೆದ.

"ಕಾಣ್ತಿದೆ," ಎಂದ. "ನಟ್ಟನಡುವೆ."

ಬಂದೂಕು ಇಳಿಸದೆಯೇ, ಅದರ ತುದಿಯನ್ನೇ ನೋಡುತ್ತಾ ಹೇಳಿದ: "ಆ ಕಣ್ಣು ಹೋಯ್ತು ಪ್ಯಾಪ್. ಮತ್ತೆ ಬರಲ್ಲ."

ಹೈರಮ್ ತನ್ನ ಕೈಯಲ್ಲಿದ್ದ ಬಾಗಿದ ಮರವನ್ನು ಮೂಲೆಗೆ ಒರಗಿಸಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ಕ್ಲೆಟಸ್‌ನ ಕಡೆಗೆ ತಿರುಗಿ, ಜಗಳಕ್ಕೆ ನಿಂತವನ ಹಾಗೆ, "ಮರ ಒಳ್ಳೇದು ತರಿಸಬೇಕು ಅವನಿಗೆ. ಎಡದ್ದು ಅಂತ ಉಳಿದದ್ದು ಬಳಿದದ್ದು ಕಳಿಸಿದ್ರೆ ನಾನು ಸುಮ್ಮನಿರಲ್ಲ. ಮೇಪಲ್ ಮರವೇ ಆಗಬೇಕು," ಎಂದ.

ವೆಂಡಲ್ ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಕೊರಿನ ಟಿಲ್ಲಿಯನ್ನೆತ್ತಿಕೊಂಡು ಬಂದು ಅವನ ಬಲಗಡೆಗೆ ಕೂತಳು. ಅಲ್ಲಿಂದ ತನ್ನ ಮುಖ ಅವನಿಗೆ ಕಾಣದು ಎಂಬುದು ಅವಳ ಲೆಕ್ಕ. ಕಣ್ಣೀರು ಮಗುವಿನ ಕೂದಲಿನ ಮೇಲೆ ಇಳಿಯುತ್ತಿತ್ತು. ಸದ್ದಾಗದಂತೆ ಉಸಿರು ಹಿಡಿದಳು. ಒಳಗೆ ಮುದುಕರಿಬ್ಬರೂ ಮರದ ಬಣ್ಣದ ಬಗ್ಗೆ ದನಿಯೇರಿಸಿ ವಾದಿಸುತ್ತಿದ್ದರು.

"ಅಳೋದಾದ್ರೆ ಜೋರಾಗೇ ಅಳು ಕೊರಿ," ಎಂದ ವೆಂಡಲ್, ರಸ್ತೆಯನ್ನೇ ನೋಡುತ್ತಾ. "ಆ ಕಡೆಯಿಂದ ನಂಗೆ ಕೇಳೋದಾದ್ರೂ ಕೇಳಲಿ."

ಅವನ ಕೈ ಅವಳಿಗಾಗಿ ತಡಕಾಡುತ್ತಾ ಬಂದು, ಮೊದಲು ಮಗುವಿನ ಬೂಟಿಗೆ, ಆಮೇಲೆ ಬರಿಯ ಗಾಳಿಗೆ ತಾಗಿ, ಕೊನೆಗೆ ಅವಳ ಮಂಡಿಯನ್ನು ಹಿಡಿದುಕೊಂಡಿತು.