ಒಂದೇ ಮೈದಾನದ ಅಕ್ಕ ತಂಗಿ

ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಬದುಕುತ್ತಿದ್ದ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಮನೆಯಲ್ಲೂ ಓಣಿಯಲ್ಲೂ ಅವರು ದೊಡ್ಡವಳು, ಚಿಕ್ಕವಳು, ಅಷ್ಟೇ. ಚಿಕ್ಕವಳು ಓದಿನಲ್ಲಿ ಚುರುಕು. ದೊಡ್ಡವಳಿಗೆ ಪುಸ್ತಕ ತೆರೆದರೆ ಆಕಳಿಕೆ, ಆದರೆ ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಮೇಲಿನ ಮಹಡಿಗೆ ಹೊತ್ತೊಯ್ಯುವ ಮೈಕಟ್ಟು. ಶಾಲೆ ಬಿಟ್ಟವಳೇ ಸಿಪಾಯಿಯಾಗಿ ಸೇನೆಗೆ ಸೇರಿದಳು.

ಅಲ್ಲಿ ಮೊದಲು ತಲೆಗೂದಲು ಹೋಯಿತು, ಹಿಂದೆಯೇ ಹೆಸರೂ ಹೋಯಿತು. ಕವಾಯತು ಕಲಿಸುವ ಹವಾಲ್ದಾರಮ್ಮನನ್ನು ಹುಡುಗಿಯರು ಬೆನ್ನ ಹಿಂದೆ ಗರಗಸ ಎನ್ನುತ್ತಿದ್ದರು. ತಪ್ಪು ಮಾಡಿದವಳನ್ನೇ ಶಿಕ್ಷಿಸುವುದು ಗರಗಸಕ್ಕೆ ಸಪ್ಪೆ ಕೆಲಸ. ಒಂದು ಬೆಳಗ್ಗೆ ದೊಡ್ಡವಳ ಬೂಟಿನ ಲೇಸು ಬಿಚ್ಚಿಕೊಂಡಿತ್ತು. ಮಧ್ಯಾಹ್ನ ಅವಳೊಬ್ಬಳನ್ನೇ ಕುರ್ಚಿಯಲ್ಲಿ ಕೂರಿಸಿ ತಟ್ಟೆ ತುಂಬ ಬಡಿಸಿದರು. ಉಳಿದವರೆಲ್ಲ ಸುತ್ತ ನೆಲಕ್ಕೆ ಅಂಗೈ ಊರಿ, ಮೈಯನ್ನು ಹಲಗೆಯಂತೆ ಎತ್ತಿ ಹಿಡಿದು, ಅವಳು ತಿನ್ನುವುದನ್ನು ನೋಡುತ್ತಿರಬೇಕಿತ್ತು.

"ನಿಧಾನಕ್ಕೆ ತಿನ್ನಮ್ಮ. ಚೆನ್ನಾಗಿ ಅಗಿ. ನಿನ್ನ ಗೆಳತಿಯರಿಗೇನೂ ಆತುರ ಇಲ್ಲ" ಎಂದಳು ಗರಗಸ.

ಅವಳು ಅಗಿಯದೆ ಗಬಗಬ ನುಂಗತೊಡಗಿದಳು. ಒಬ್ಬೊಬ್ಬರೇ ಮುಖ ಅಡಿಯಾಗಿ ಸಿಮೆಂಟಿನ ಮೇಲೆ ಬೀಳುತ್ತಿದ್ದರು. ಆಮೇಲೆ ಬಹಳ ದಿನ ಯಾರೂ ಅವಳನ್ನು ಮಾತಾಡಿಸಲಿಲ್ಲ. ಓಡಿಹೋದ ಒಬ್ಬಳನ್ನು ಹಿಡಿದು ತಂದು ಕಂಬಿ ಎಣಿಸಲು ಕೂರಿಸಿದರು. ದೊಡ್ಡವಳು ಕಲಿತದ್ದು ಇಷ್ಟು: ಯಾರ ಕಣ್ಣಿಗೂ ಬೀಳಬಾರದು, ಬಾಯಿ ಬಿಡಬಾರದು, ಹುಕುಂ ಎಂಬುದು ಕಿವಿಯಿಂದ ತಲೆಗೆ ಹತ್ತದೆ ನೇರ ಕಾಲಿಗೆ ಇಳಿಯಬೇಕು.

ತರಬೇತಿ ಮುಗಿದ ಮೇಲೆ ಅವಳನ್ನು ಅಲ್ಲೇ ಇಟ್ಟುಕೊಂಡರು. ಮೈದಾನದ ಗೋಡೆಯಾಚೆ ಅಧಿಕಾರಿಗಳಾಗುವವರ ಶಾಲೆ. ಅಲ್ಲಿನವರು ಹುಕುಂ ಕೊಟ್ಟು ಅಭ್ಯಾಸ ಮಾಡಲು ನಿಜವಾದ ಸಿಪಾಯಿಗಳು ಬೇಕಲ್ಲ, ಅಂಥ ತುಕಡಿಯಲ್ಲಿ ಇವಳೂ ಒಬ್ಬಳು.

ಕೆಲವು ವರ್ಷಗಳ ಮೇಲೆ ಡಿಗ್ರಿ ಮುಗಿಸಿದ ಚಿಕ್ಕವಳು ಅದೇ ಶಾಲೆಗೆ ಆಯ್ಕೆಯಾಗಿ ಬಂದಳು. ತಾಯಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರಜೆಯ ಮಧ್ಯಾಹ್ನಗಳಲ್ಲಿ ಅಕ್ಕ ತಂಗಿ ಗೋಡೆಯ ಬಳಿ, ಒಣಹಾಕಿದ ಹೊದಿಕೆಗಳ ಮರೆಯಲ್ಲಿ ಕೂರುತ್ತಿದ್ದರು. ಒಂದು ದಿನ ಚಿಕ್ಕವಳು ಬಿಕ್ಕಿ ಬಿಕ್ಕಿ ಅತ್ತಳು.

"ನಂಗಾಗಲ್ಲ ಕಣೇ ಅಕ್ಕ."

"ಹೊಡೆದ್ರಾ?"

"ಹೊಡೆದಿದ್ರೆ ಚೆನ್ನಾಗಿತ್ತು. ಬೈಯೋದೂ ಇಲ್ಲ. ಕೆಸರಲ್ಲಿ ಹೊರಳಾಡಿಸುವಾಗ್ಲೂ ಮೇಡಂ ಅಂತಾರೆ. 'ಯಾಕೆ ಹಾಗೆ ಮಾಡಿದ್ರಿ ಮೇಡಂ? ಬೇರೆ ದಾರಿ ಇರ್ಲಿಲ್ವಾ ಮೇಡಂ?' ಅಂತ ಕೇಳಿ ಕೇಳಿ ತಲೆ ತಿಂತಾರೆ. ವಾರಕ್ಕೊಬ್ಬಳನ್ನ ನಾಯಕಿ ಮಾಡ್ತಾರೆ. ಯಾರ ಕಾಲು ಜಾರಿದ್ರೂ ತಪ್ಪು ಅವಳದ್ದೇ. ಆಮೇಲೆ ಎಲ್ರನ್ನೂ ಕೂರಿಸಿ, ಇವಳ ಹಿಂದೆ ಯುದ್ಧಕ್ಕೆ ಹೋಗಲ್ಲ ಅನ್ನೋರು ಎದ್ದು ನಿಲ್ಲಿ ಅಂತಾರೆ. ನಿನ್ನೆ ನನ್ನ ಸರದಿ. ಪಕ್ಕದ ಮಂಚದವಳು, ನನ್ನ ಬಾಚಣಿಗೆಯಲ್ಲೇ ತಲೆ ಬಾಚೋಳು, ಮೊದಲು ಎದ್ದಿದ್ದೇ ಅವಳು."

"ಬಿಟ್ಟು ಹೋಗೋಕೆ ಬಿಡಲ್ವಲ್ಲ, ಏನ್ಮಾಡ್ತೀಯ?"

"ಅದೇ ಕಷ್ಟ. ನಿಮಗೆ ಬಾಗಿಲು ಹಾಕಿರ್ತಾರೆ. ನಮಗೆ ಯಾವಾಗ್ಲೂ ತೆಗೆದಿಟ್ಟಿರ್ತಾರೆ. ಒಂದು ಮಾತು ಹೇಳಿದ್ರೆ ಸಾಕು, ಕಾರಲ್ಲಿ ಕೂರಿಸಿ ಕಳಿಸ್ತಾರೆ."

ದೊಡ್ಡವಳಿಗೆ ನಗು ಬಂತು. "ನಮಗೆ ತಲೆ ಇರ್ಬಾರ್ದು, ನಿಮಗೆ ಎರಡಿರ್ಬೇಕು ಅನ್ನು. ಮುಚ್ಕೊಂಡು ಇರು. ನೀನು ವಾಪಸ್ ಹೋದ್ರೆ ಅಮ್ಮ ಉಳಿಯಲ್ಲ."

ಅಂದಿನಿಂದ ದೊಡ್ಡವಳೇ ಗುರು. ಹೊಟ್ಟೆಯಿಂದ ಸ್ವರ ಎತ್ತುವುದು, ಹುಕುಂ ಕೊಟ್ಟ ಮೇಲೆ ಎರಡನೇ ಸಲ ಹೇಳದಿರುವುದು, ಎಲ್ಲ ಕಲಿಸಿದಳು. "ಮುಖ ನೋಡ್ಬೇಡ. ಮುಖ ನೋಡಿದ್ರೆ ಅಯ್ಯೋ ಪಾಪ ಅನ್ಸುತ್ತೆ. ಟೋಪಿ ನೋಡು" ಎಂದಳು. ಗರಗಸ ನೋಡುತ್ತಿದ್ದುದೂ ಟೋಪಿಯನ್ನೇ.

ಕೊನೆಯ ಪರೀಕ್ಷೆ ಬಂತು. ಮರಳು ಮೂಟೆ ಕಟ್ಟಿದ ಸ್ಟ್ರೆಚರ್ ಹೊತ್ತು, ಹಳೆಯ ಕಲ್ಲುಗಣಿಯನ್ನು ಇಳಿದು ಹತ್ತಿ, ಹೊತ್ತು ಮೀರುವುದರೊಳಗೆ ಆಚೆ ಸೇರಬೇಕು. ಚಿಕ್ಕವಳ ಕೈಕೆಳಗೆ ಬಂದ ಸಿಪಾಯಿಗಳಲ್ಲಿ ದೊಡ್ಡವಳೂ ಇದ್ದಳು. ಬದಲಾಯಿಸಿ ಎಂದು ಚಿಕ್ಕವಳು ಕೇಳಿದ್ದಕ್ಕೆ ಪರೀಕ್ಷೆ ನಡೆಸುವ ಮೇಜರ್ ಸಾಹೇಬರು ಪೆನ್ಸಿಲ್ ಚೂಪು ಮಾಡುತ್ತಲೇ, "ಅಕ್ಕ ಅಂತ ಗೊತ್ತು ಮೇಡಂ. ಅದಕ್ಕೇ ಹಾಕಿರೋದು" ಎಂದರು.

ಇಳಿಯುವಾಗ ದೊಡ್ಡವಳ ಕಾಲ ಕೆಳಗಿನ ಕಲ್ಲು ಉರುಳಿತು. ಮೊಣಕಾಲಿನೊಳಗೆ ಹಸಿ ಕೊಂಬೆ ಮುರಿದಂತೆ ಸದ್ದಾಯಿತು. ಅವಳು ತುಟಿ ಕಚ್ಚಿ ಸ್ಟ್ರೆಚರಿನ ಹಿಡಿಕೆ ಬಿಡದೆ ನಿಂತಳು. ಎಲ್ಲರೂ ನಿಂತರು. ಮೇಜರ್ ಚಿಕ್ಕವಳ ಪಕ್ಕಕ್ಕೆ ಬಂದರು.

"ಏನ್ ಮಾಡ್ತೀರಿ ಮೇಡಂ?"

ದೊಡ್ಡವಳು ತಂಗಿಯನ್ನು ನೋಡಿದಳು. ತಂಗಿಯ ಕಣ್ಣು ಒಂದು ಕ್ಷಣ ಅವಳ ಮುಖದ ಮೇಲೆ ನಿಂತು, ಮೆಲ್ಲಗೆ ಮೇಲೇರಿ, ಟೋಪಿಗೆ ಹೋಗಿ ಕೂತಿತು.

"ಮುಂದೆ ನಡಿ!"

ಸ್ವರ ಹೊಟ್ಟೆಯಿಂದಲೇ ಬಂದಿತ್ತು. ದೊಡ್ಡವಳ ಕಾಲು ನಡೆಯಿತು. ಕಲ್ಲುಗಣಿಯ ಆಚೆ ಬದಿ ಹತ್ತುವಾಗ ಮೊಣಕಾಲು ಮಡಚಬಾರದ ಕಡೆಗೂ ಮಡಚಿಕೊಳ್ಳತೊಡಗಿತು, ಕಣ್ಣು ಕತ್ತಲಿಟ್ಟಿತು, ಆದರೂ ನಡೆಯಿತು. ದಡ ಮುಟ್ಟಿದ ಮೇಲೆ ಅವಳು ಕುಸಿದಳು.

ಮೇಜರ್ ಬಗ್ಗಿ ಆ ಊದಿದ ಕಾಲನ್ನು ನೋಡಿದರು, ಆಮೇಲೆ ಸ್ಟ್ರೆಚರನ್ನು.

"ಮರಳು ಮೂಟೆ ಕೆಳಗೆ ಹಾಕಿ ಇವಳನ್ನ ಮಲಗಿಸಬಹುದಿತ್ತಲ್ಲ ಮೇಡಂ?"

ಚಿಕ್ಕವಳ ಮುಖ ಬಿಳಿಚಿತು. ಅದು ಅವಳಿಗೆ ಹೊಳೆದೇ ಇರಲಿಲ್ಲ.

"ನಿರ್ಧಾರ ತಪ್ಪು. ಆದ್ರೆ ತಡಮಾಡ್ಲಿಲ್ಲ" ಎಂದು ಮೇಜರ್ ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿದರು. "ಪಾಸು."

ಸೇನೆಯ ಆಸ್ಪತ್ರೆಯಲ್ಲಿ ಎರಡು ಸಲ ಕೊಯ್ದರೂ ಆ ಮೊಣಕಾಲು ಮಡಚಲು ಬರಲಿಲ್ಲ. ಇನ್ನು ಕೆಲಸಕ್ಕೆ ಬಾರದವಳು ಎಂದು ಬಿಡುಗಡೆ ಬರೆದರು. ಅಧಿಕಾರಿಯಾದ ಚಿಕ್ಕವಳು ಹೆಗಲ ಮೇಲೆ ಹೊಸ ನಕ್ಷತ್ರ ಹೊತ್ತು ವಾರ್ಡಿಗೆ ಬಂದಳು. ದೊಡ್ಡವಳು ಮಲಗಿದ್ದಲ್ಲೇ ಕೈ ಎತ್ತಿ ಸೆಲ್ಯೂಟ್ ಹೊಡೆದಳು.

"ಅಕ್ಕಾ, ಏನಿದು!"

"ಹೆಗಲ ಮೇಲಿರೋದಕ್ಕೆ. ನಿಂಗಲ್ಲ."

"ಆಗಲ್ಲ ಅಂತ ಒಂದೇ ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿದ್ದೆ ಕಣೇ."

"ಹೇಳೋದು ನಮಗೆ ಕಲಿಸಿಲ್ಲ" ಎಂದಳು ದೊಡ್ಡವಳು. "ಕೇಳೋದು ನಿಮಗೆ ಕಲಿಸಿದ್ರಲ್ಲ?"

ತಂಗಿಯ ಹುಕುಮಿನಿಂದಲೇ ಕಾಲು ಹೋಯಿತೆಂಬುದನ್ನು ತಾಯಿ ಮಾತ್ರ ನಂಬಲು ಸಿದ್ಧಳಿರಲಿಲ್ಲ. ಕಾಲು ಜಾರಿದ್ದು ದೊಡ್ಡವಳ ಹಣೆಬರಹ, ಪಾಪ ಚಿಕ್ಕವಳು ಏನು ಮಾಡಿಯಾಳು ಎಂದು ನೆರೆಹೊರೆಯವರಿಗೆ ಹೇಳಿಕೊಂಡು ತಿರುಗಿದಳು. ನಡುಮನೆಯಲ್ಲಿ ಚಿಕ್ಕವಳ ದೊಡ್ಡ ಫೋಟೋ ಬಂತು. ಅದರ ಧೂಳು ಒರೆಸುವ ಕೆಲಸ ದೊಡ್ಡವಳ ಪಾಲಿಗೆ ಬಂತು, ಇಡೀ ದಿನ ಮನೆಯಲ್ಲೇ ಇರುತ್ತಾಳಲ್ಲ ಎಂದು.

ಕೊನೆಗೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಅವಳಿಗೆ ಕೂತು ಮಾಡುವ ಕೆಲಸ ಸಿಕ್ಕಿತು. ಸೆಟೆದ ಕಾಲನ್ನು ಮೇಜಿನಡಿ ಉದ್ದಕ್ಕೆ ಚಾಚಿ, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ದಿನವಿಡೀ ಹೇಳುತ್ತಾಳೆ. ಚಿಕ್ಕವಳು ರಜೆಗೆ ಬಂದರೆ ಇವಳು ಕೇಳಿ ಜೋಡಿ ಪಾಳಿ ಹಾಕಿಸಿಕೊಳ್ಳುತ್ತಾಳೆ. ಒಮ್ಮೆ ಚಿಕ್ಕವಳು ಮನೆಯಲ್ಲಿ ಕಾದು ಕಾದು ಬೇಸತ್ತು, ಸಾದಾ ಬಟ್ಟೆಯಲ್ಲಿ ಬಂದು ಜನರ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಕಿಟಕಿಯ ಸರಳು ಹಿಡಿದು, "ಅಕ್ಕ, ನಾಳೆ ಹೋಗ್ತಿದ್ದೀನಿ. ಸ್ವಲ್ಪ ಮಾತಾಡ್ಬೇಕಿತ್ತು" ಎಂದಳು.

"ಹಿಂದೆ ಜನ ಕಾಯ್ತಿದಾರೆ. ಯಾವೂರಿಗೆ ಹೋಗ್ಬೇಕು ಹೇಳಿ."

ಚಿಕ್ಕವಳು ಸರಳು ಬಿಡಲಿಲ್ಲ. ಹಿಂದಿನಿಂದ ಯಾರೋ ಗೊಣಗಿದರು. ಕೊನೆಗೆ ತನ್ನ ದಂಡಿರುವ ಊರಿನ ಹೆಸರು ಹೇಳಿದಳು. ದೊಡ್ಡವಳು ಬಸ್ಸಿನ ಹೊತ್ತು ಹೇಳಿ, ಅದು ನಿಲ್ಲುವ ಕಡೆಗೆ ಕೈ ತೋರಿಸಿದಳು.

"ಮುಂದಿನವರು ಬನ್ನಿ."